ಲಿಂಕ್ಡ್ ಲಿಸ್ಟ್ ಹಾಕಿದ ಮೇಲೆ ಇನ್ನೂ ನಿಧಾನ! ಬಿಗ್ ಓ (ಡೇಟಾ ಹೆಚ್ಚಿದಂತೆ ಕೆಲಸ ಎಷ್ಟು ಹೆಚ್ಚುತ್ತೆ ಅನ್ನೋ ಲೆಕ್ಕ) ಪ್ರಕಾರ ಹೀಗಾಗಬಾರದು, ಅಲ್ವಾ?

ಸೊನ್ನೆಒಂದು:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಸಿಪ್ಲಸ್‌ಪ್ಲಸ್‌ನಲ್ಲಿ 50,000 ಸಂಖ್ಯೆಗಳನ್ನು ಒಂದೊಂದಾಗಿ ನಡುವೆ ಸೇರಿಸಬೇಕು. ಮೊದಲು ವೆಕ್ಟರ್ ಇತ್ತು, ಅಂದರೆ ಸಂಖ್ಯೆಗಳೆಲ್ಲ ಮೆಮೊರಿಯಲ್ಲಿ ಒಂದೇ ಸಾಲಾಗಿ. ಸೇರಿಸಿದಾಗೆಲ್ಲ ಮುಂದಿನದ್ದನ್ನು ಸರಿಸಬೇಕು, ಸಂಖ್ಯೆ ಹೆಚ್ಚಿದಷ್ಟೂ ಕೆಲಸ ಹೆಚ್ಚು, ಓ(ಎನ್). ಲಿಸ್ಟ್‌ನಲ್ಲಿ ಪ್ರತಿ ಸಂಖ್ಯೆಯ ನೋಡ್‌ನಲ್ಲಿ ಮುಂದಿನದರ ವಿಳಾಸ, ಅಂದರೆ ಪಾಯಿಂಟರ್ ಇರುತ್ತೆ; ಅದನ್ನು ಬದಲಿಸಿದರೆ ಮುಗಿಯಿತು, ಎಷ್ಟಿದ್ದರೂ ಅಷ್ಟೇ ಕೆಲಸ, ಓ(1). ಆದರೆ 0.3 ಸೆಕೆಂಡಿನ ಕೆಲಸ ಈಗ 7 ಸೆಕೆಂಡ್! ಲೆಕ್ಕ ಮೂರು ಸಲ ನೋಡಿದೆ, ಸರಿ ಇದೆ. ಕಂಪೈಲರ್ ತಪ್ಪಾ?

ಬೈಟ್‌ಮನೆ:
ಕ್ಯಾಶ್ ಮಿಸ್ (ಬೇಕಾದ ಡೇಟಾ ಪ್ರೊಸೆಸರ್ ಪಕ್ಕದ ವೇಗದ ಮೆಮೊರಿಯಲ್ಲಿ ಸಿಗದಿರೋದು), ಅನುಮಾನವೇ ಬೇಡ. ಕ್ಯಾಶ್‌ಗೆ ಒಂದು ಸಲಕ್ಕೆ ಬರುವ ತುಂಡು, ಅಂದರೆ 64 ಬೈಟಿನ ಕ್ಯಾಶ್ ಲೈನ್‌ನಲ್ಲಿ 4 ಬೈಟಿನ ಇಂಟ್ (ಪೂರ್ಣಾಂಕ) 16 ಹಿಡಿಯುತ್ತವೆ. ಲಿಸ್ಟ್‌ನ ಒಂದು ನೋಡ್ 24 ಬೈಟ್, ಅದರಲ್ಲಿ ನಿಮ್ಮ ಸಂಖ್ಯೆ ಬರೀ 4. ಮೇಲಾಗಿ ನೋಡ್‌ಗಳು ಮೆಮೊರಿ ತುಂಬ ಚೆಲ್ಲಾಪಿಲ್ಲಿ. ನೋಡ್‌ಗಳಿಗೆ ಒಂದೇ ಕಡೆ ಜಾಗ ಕೊಡುವ ಪೂಲ್ ಅಲೊಕೇಟರ್ ಹಾಕಿ.

ಅಳತೆಪಟ್ಟಿ:
ಕಂಪೈಲರ್‌ನಲ್ಲಿ ಆಪ್ಟಿಮೈಸೇಷನ್ (ಕೋಡ್ ವೇಗ ಮಾಡುವ ಆಯ್ಕೆ) ಆನ್ ಇತ್ತಾ? ಹೇಗೆ ಅಳೆದಿರಿ?

ಸೊನ್ನೆಒಂದು:
ಟೈಮರ್ ಇಟ್ಟೇ ಅಳೆದೆ. ಪೂಲ್ ಹಾಕಿದೆ, 7 ಇದ್ದದ್ದು 6 ಆಯ್ತು ಅಷ್ಟೆ.

ಬೈಟ್‌ಮನೆ:
ನೋಡಿದಿರಾ, ಕ್ಯಾಶೇ. ನೋಡ್‌ಗಳನ್ನು ಇನ್ನೂ ಒತ್ತಾಗಿ ಇಡಿ.

ಹಳೇಟರ್ಮಿನಲ್:
ಕಾಗದದ ಲೆಕ್ಕ ನಂಬಿ ಕೂತರೆ ಹೀಗೇ ಆಗೋದು. ಜಾವಾ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ (ಪ್ರತಿ ಸಲ ಅರ್ಧ ಬಿಟ್ಟು ಹುಡುಕುವ ವಿಧಾನ) ವರ್ಷಗಟ್ಟಲೆ ಬಗ್ ಇತ್ತು, 2006ರಲ್ಲಿ ಎಲ್ಲರಿಗೂ ತಿಳಿಯಿತು. ಲೋ, ಹೈ ಎಂಬ ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸುವ ಕಡೆ ಮೊತ್ತ ಇಂಟ್‌ನ ಮಿತಿ ಮೀರಿ ಓವರ್‌ಫ್ಲೋ. ಆ ವಿಧಾನಕ್ಕೆ ಪುಸ್ತಕದಲ್ಲಿ ಪ್ರೂಫ್ ಬೇರೆ ಇತ್ತು.

ಗಣಿತಪ್ರಿಯ:
ಹಾಗಾದರೆ 2015ರ ಟಿಮ್‌ಸಾರ್ಟ್ (ಕ್ರಮವಾಗಿ ಜೋಡಿಸುವ ವಿಧಾನ)? ವರ್ಷಗಟ್ಟಲೆ ಬಳಸಿದರೂ ಸಿಗದ ಬಗ್, ಪ್ರೂಫ್ ಬರೆಯಲು ಹೊರಟವರ ಕೈಗೆ ಸಿಕ್ಕಿತು. ನೀವು ಹೇಳಿದ ಕಡೆಯೂ ಕೈಕೊಟ್ಟಿದ್ದು ಪ್ರೂಫ್ ಅಲ್ಲ. ಇಂಟ್‌ಗೆ ಮಿತಿಯೇ ಇಲ್ಲ ಅಂದುಕೊಂಡದ್ದು.

ಹಳೇಟರ್ಮಿನಲ್:
ಅದು ತಪ್ಪು ಅಂತ ತೋರಿಸಿದ್ದು ಓಡುತ್ತಿದ್ದ ಪ್ರೋಗ್ರಾಂ ತಾನೇ?

ಕೀಲಿಮಣೆ:
ನಾನಂತೂ ಅಳೆಯಲಿಕ್ಕೆಂದೇ ಬೇರೆ ಮೆಷಿನ್ ಇಟ್ಟಿದ್ದೇನೆ. ಟರ್ಬೊ ಆಫ್, ಒಂದು ಕೋರ್ ಅದಕ್ಕೇ ಮೀಸಲು. 30 ಸಲ ಓಡಿಸಿ ಮೀಡಿಯನ್ ತೆಗೆಯುತ್ತೇನೆ. ವ್ಯತ್ಯಾಸ ನೂರಕ್ಕೆ ಒಂದೂ ಬರಲ್ಲ. ಫೋಟೊ ಹಾಕಲಾ?

ಅಳತೆಪಟ್ಟಿ:
ಫೋಟೊ ಆಮೇಲೆ. ಸೊನ್ನೆಒಂದು, ಸೇರಿಸುವ ಜಾಗ ಹೇಗೆ ಹುಡುಕುತ್ತೀರಿ? ಆ ಸಾಲು ಹಾಕಿ.

ಸೊನ್ನೆಒಂದು:
ಅದು ಹೇಳಬೇಕಾ ಅಂತ ಬಿಟ್ಟಿದ್ದೆ. ಸಂಖ್ಯೆಗಳನ್ನು ಯಾವಾಗಲೂ ಏರಿಕೆ ಕ್ರಮದಲ್ಲೇ ಇಡಬೇಕು. ಸರಿಯಾದ ಜಾಗ ಹುಡುಕಿಕೊಡುವ ಲೈಬ್ರರಿಯ ಲೋವರ್ ಬೌಂಡ್ ಕರೆಯುತ್ತೇನೆ, ಎರಡರಲ್ಲೂ ಅದೇ ಸಾಲು.

ಅಳತೆಪಟ್ಟಿ:
ಸಿಕ್ಕಿತು. ವೆಕ್ಟರ್‌ನಲ್ಲಿ ನೇರ ನಡುವಿಗೆ ನೆಗೆಯಬಹುದು, 16 ಹೋಲಿಕೆಯಲ್ಲಿ ಜಾಗ ಸಿಗುತ್ತೆ. ಲಿಸ್ಟ್‌ನಲ್ಲಿ ಹೋಲಿಕೆ ಅಷ್ಟೇ, ಆದರೆ ನಡುವಿಗೆ ಹೋಗಲು ಒಂದೊಂದೇ ನೋಡ್ ದಾಟಬೇಕು. ಸೇರಿಸೋದು ಓ(1), ಹುಡುಕೋದು ಓ(ಎನ್). ನಿಮ್ಮ ಲೆಕ್ಕದಲ್ಲಿ ಹುಡುಕಾಟವೇ ಇಲ್ಲ. ಸುಮ್ನೆ ನನ್ನ ಮಾತು ನಂಬಬೇಡಿ, ಸಮಯ ಎಲ್ಲಿ ಹೋಗುತ್ತೆ ಅಂತ ತೋರಿಸುವ ಪರ್ಫ್ ಹಾಕಿ ನೋಡಿ.

ಬೈಟ್‌ಮನೆ:
ಆ ನಡಿಗೆ ನಿಧಾನ ಆಗಿದ್ದು ಯಾಕೆ? ಕ್ಯಾಶ್!

ಸೊನ್ನೆಒಂದು:
ಪರ್ಫ್ ಹಾಕಿದೆ. ನೂರಕ್ಕೆ 90ಕ್ಕೂ ಜಾಸ್ತಿ ಸಮಯ ನೋಡ್ ದಾಟುವುದರಲ್ಲೇ ಹೋಗಿದೆ. ಸೇರಿಸುವ ಸಾಲು ಪಟ್ಟಿಯಲ್ಲಿ ಹುಡುಕಿದರೂ ಕಾಣುತ್ತಿಲ್ಲ. ಎರಡು ದಿನ ಅದೇ ಸಾಲನ್ನು ತಿದ್ದುತ್ತಿದ್ದೆ! ಆಪ್ಟಿಮೈಸೇಷನ್ ಕೂಡ ಆಫ್ ಇತ್ತು. ವೆಕ್ಟರ್‌ಗೆ ವಾಪಸ್ ಹೋಗುತ್ತಿದ್ದೇನೆ.

ಬೈಟ್‌ಮನೆ:
ಕ್ಯಾಶ್ ಮಿಸ್ ಎಷ್ಟು ಬಂತು ಅಂತಲೂ ಹಾಕಿ.

ಕೀಲಿಮಣೆ:
ಕೋಡ್ ಕಳಿಸಿ. ಆಪ್ಟಿಮೈಸೇಷನ್ ಆನ್ ಮಾಡಿ ಎರಡನ್ನೂ ನನ್ನ ಮೆಷಿನ್‌ನಲ್ಲಿ ಓಡಿಸುತ್ತೇನೆ.