ನಾಲ್ಕು ಮನೆಗೆ ಒಂದೇ ಮುಖ: ಬಾತ್‌ನ ಸಾಲುಮನೆ ನೋಡಿದವರು ಹೇಳಿ

ಕೋಲಾರದ ಮೇಷ್ಟ್ರು:
ಅಪ್ಪನ ಹಳೇ ಚಪ್ಪಡಿ ಮನೆ ಬಿಚ್ಚಿ, ಅದೇ ಜಾಗದಲ್ಲಿ ನಾವು ನಾಲ್ವರು ಅಣ್ಣತಮ್ಮಂದಿರು ಸಾಲಾಗಿ ಮನೆ ಕಟ್ಟಿಕೊಳ್ಳಬೇಕು ಅಂತಿದ್ದೀವಿ. ಹೋದ ವರ್ಷ ಮಗಳ ಜೊತೆ ಇಂಗ್ಲೆಂಡಿನ ಬಾತ್ ಊರಿನಲ್ಲಿ ರಾಯಲ್ ಕ್ರೆಸೆಂಟ್ ನೋಡಿದ್ದೇ ಇದಕ್ಕೆ ಕಾರಣ. ಬಿಲ್ಲಿನ ಹಾಗೆ ಬಾಗಿದ 30 ಮನೆ, ಜೇನುಬಣ್ಣದ ಕಲ್ಲು, 114 ಕಂಬ. ಕಂಬಗಳು ನೆಲದಿಂದ ಏಳಲ್ಲ. ಕೆಳ ಅಂತಸ್ತು ಪೂರಾ ಬೋಳು, ಅದರ ಮೇಲೆ ಎರಡು ಅಂತಸ್ತಿನುದ್ದ ನಿಂತಿವೆ. ಎದುರಿನ ಹುಲ್ಲಲ್ಲಿ ಒಂದು ಗಂಟೆ ಕೂತಿದ್ದೆ. ಒಂದೇ ಅರಮನೆ ಅನ್ನಿಸ್ತು. ಅಷ್ಟು ಜನ ಮಾಲೀಕರು ಒಂದೇ ಮುಖಕ್ಕೆ ಹೇಗೆ ಒಪ್ಪಿದರು? ನಮ್ಮಲ್ಲಿ ನಾಲ್ವರು ಕಿಟಕಿ ಅಳತೆಗೇ ಒಪ್ತಿಲ್ಲ.

ಚಿಂತಾಮಣಿ ಹುಡುಗಿ:
ಸಾರ್, ನಾನು ಅಲ್ಲಿ ಎರಡು ವರ್ಷ ಓದಿದ್ದೆ. ಅವರನ್ನ ಒಪ್ಪಿಸೋ ಪ್ರಮೇಯವೇ ಬರಲಿಲ್ಲ. 1767ರಿಂದ 1774ರವರೆಗೆ ಕಟ್ಟಿದ್ದು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ನಕ್ಷೆ ಬರೆದುಕೊಟ್ಟಿದ್ದು ಮುಂಭಾಗಕ್ಕೆ ಮಾತ್ರ. ಕೊಂಡವರು ಆ ಮುಖದಲ್ಲಿ ತಮ್ಮ ಪಾಲಿನಷ್ಟು ಉದ್ದ ತಗೊಂಡು, ಹಿಂದೆ ತಮ್ಮದೇ ಮೇಸ್ತ್ರಿ ಇಟ್ಟು ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡರು. ಒಂದು ಸಲ ಹಿಂದಿನ ರಸ್ತೆಗೆ ಹೋಗಿ ನೋಡಬೇಕಿತ್ತು ನೀವು! ಒಂದರ ಸೂರು ಎತ್ತರ, ಇನ್ನೊಂದರದು ತಗ್ಗು, ಒಂದು ಗೋಡೆ ಮುಂದಕ್ಕೆ ಬಂದಿರುತ್ತೆ. ನನಗೆ ಮುಂಭಾಗಕ್ಕಿಂತ ಆ ಹಿತ್ತಲೇ ಇಷ್ಟ, ಜನ ಬದುಕಿದ್ದು ಅಲ್ಲಿ ಕಾಣುತ್ತೆ. ಮುಂದೆ ಮಾತ್ರ ಇವತ್ತಿಗೂ ಬಿಗಿ. 1970ರ ದಶಕದಲ್ಲಿ 22ನೇ ಮನೆಯವರು ಬಾಗಿಲಿಗೆ ಹಳದಿ ಬಳಿದದ್ದಕ್ಕೇ ದೊಡ್ಡ ತಕರಾರಾಗಿ, ಕೊನೆಗೆ ಹಳದಿ ಉಳೀತು.

ಮಾಲೂರು ಕಲ್ಲುಗೆಲಸ:
ಮೇಷ್ಟ್ರೇ, ಆ ಕಲ್ಲನ್ನ ನಮ್ಮ ಕಲ್ಲಿಗೆ ಹೋಲಿಸಬೇಡಿ. ಅದು ಸುಣ್ಣಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತೆ. ಗರಗಸದಲ್ಲಿ ಕೊಯ್ಯಬಹುದು. ಭೂಮಿಯೊಳಗೆ ಹೇಗೆ ಮಲಗಿತ್ತೋ ಗೋಡೇಲೂ ಹಾಗೇ ಮಲಗಿಸಬೇಕು, ಇಲ್ಲದಿದ್ದರೆ ಪದರ ಏಳುತ್ತೆ. ನಮ್ಮದು ಬೆಣೆ ಹೊಡೆದು ಸೀಳೋ ಗ್ರಾನೈಟು. ಅದರಲ್ಲಿ ಅಂಥ ಕಂಬದ ಕೆತ್ತನೆ ಕೇಳಿದರೆ ನಿಮ್ಮ ದುಡ್ಡೆಲ್ಲ ಉಳಿ ಹದ ಮಾಡಿಸೋಕೇ ಹೋಗುತ್ತೆ. ಮುಂದಿನ ಗೋಡೆ ಮಾತ್ರ ಸೈಜುಗಲ್ಲಲ್ಲಿ ನೇರ ಕಟ್ಟಿಸಿ, ಕಿಟಕಿ ಸಾಲು ಒಂದೇ ಮಟ್ಟಕ್ಕೆ ಬರಲಿ. ಒಳಗೆ ಅವರವರ ಇಷ್ಟ. ನಡುವಿನ ಗೋಡೆ ಯಾರದು, ಮಳೆನೀರು ಯಾವ ಕಡೆ ಇಳೀಬೇಕು ಅನ್ನೋದನ್ನ ಪಾಯ ತೋಡೋ ಮುಂಚೆ ಕಾಗದದಲ್ಲಿ ಬರೆಸಿ.

ಕೋಲಾರದ ಮೇಷ್ಟ್ರು:
ಇಬ್ಬರಿಗೂ ನಮಸ್ಕಾರ. ರಾತ್ರಿ ತಮ್ಮಂದಿರಿಗೆ ಓದಿ ಹೇಳಿದೆ. ಹಿಂದೆ ಅವರವರ ಇಷ್ಟ ಅಂದ ತಕ್ಷಣ ಕಿಟಕಿ ಜಗಳ ನಿಂತಿತು. ನಾಲ್ಕೂ ಮನೆಗೆ ಉದ್ದಕ್ಕೆ ಒಂದೇ ಜಗಲಿ ಇರಲಿ ಅಂತಿದಾರೆ. ಅಪ್ಪನ ಮನೆ ಚಪ್ಪಡಿಗಳು ಅದಕ್ಕೆ ಆಗುತ್ವಾ?

ಮಾಲೂರು ಕಲ್ಲುಗೆಲಸ:
ಆಗುತ್ತೆ. ಬಿಚ್ಚೋ ಮುಂಚೆ ಒಂದೊಂದಕ್ಕೂ ಬಣ್ಣದಲ್ಲಿ ನಂಬರ್ ಬರೆಸಿ. ಬಿರುಕು ಇದೆಯಾ ಅಂತ ಸುತ್ತಿಗೆಯಿಂದ ತಟ್ಟಿ ನೋಡಿ, ಗಂಟೆ ಹಾಗೆ ಕೇಳಿಸಿದರೆ ಇಟ್ಟುಕೊಳ್ಳಿ.