ಅಪ್‌ಡೇಟ್: ಲೇಸರ್‌ನಲ್ಲಿ ಕತ್ತರಿಸಿದ ಪೆಟ್ಟಿಗೆ ಈಗ ಬಿಗಿಯಾಗಿ ಕೂರುತ್ತಿದೆ

ಹೋದ ವಾರ ಕೇಳಿದ್ದೆ ಅಲ್ವಾ, 3 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮಾಡಿದ ಪೆನ್ ಪೆಟ್ಟಿಗೆಯ ಅಂಚಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿ ನಿಲ್ಲದೆ ಕಳಚಿಬರುತ್ತಿವೆ ಅಂತ. ಸರಿಹೋಯಿತು! ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು ಮೊದಲು ಕರ್ಫ್ ಅಳೆಯಿರಿ ಅನ್ನುವ ಸಲಹೆ. ಲೇಸರ್ ಹಾದುಹೋದ ಗೆರೆಯಲ್ಲಿ ಸ್ವಲ್ಪ ಹಲಗೆ ಸುಟ್ಟುಹೋಗುತ್ತದೆ, ಆ ಅಗಲವೇ ಕರ್ಫ್. 10 ಮಿ.ಮೀ. ಅಗಲದ 10 ಪಟ್ಟಿ ಕತ್ತರಿಸಿ, ಒತ್ತಾಗಿ ಜೋಡಿಸಿ, ವರ್ನಿಯರ್‌ನಲ್ಲಿ ಒಟ್ಟು ಅಳತೆ ತೆಗೆದೆ. 100 ಬರಬೇಕಿತ್ತು, ಬಂದದ್ದು 98.2. ಅಂದರೆ ಒಂದು ಪಟ್ಟಿಗೆ 0.18 ಮಿ.ಮೀ. ನಷ್ಟ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಹೊರಗೆರೆಯನ್ನು ಅದರ ಅರ್ಧ, 0.09 ಮಿ.ಮೀ., ಹೊರಕ್ಕೆ ಸರಿಸಿ ಮತ್ತೆ ಕತ್ತರಿಸಿದಾಗ ಅಂಟೇ ಇಲ್ಲದೆ ಗಟ್ಟಿಯಾಗಿ ಕೂತಿತು. ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಬಿಚ್ಚಿ ಬಿಚ್ಚಿ ಜೋಡಿಸುತ್ತಿದ್ದೆ.

ಲೇಸರ್ ಓಡುವ ವೇಗ ಕಡಿಮೆ ಮಾಡುವ ಸಲಹೆ ನನಗೆ ಆಗಿಬರಲಿಲ್ಲ, ಅಂಚು ಕಪ್ಪಾಗಿ ಸಂದು ಇನ್ನೂ ಜಾಸ್ತಿಯಾಯಿತು. ಫೆವಿಕಾಲ್ ಹಾಕಿದರೆ ನಿಲ್ಲುತ್ತದೆ, ಆದರೆ ಮೂಲೆ ನೇರವಾಗಿ ಬರಲಿಲ್ಲ.

ಗೊತ್ತೇ ಇರದ ವಿಷಯ ಅಂದರೆ ಕರ್ಫ್ ಎಲ್ಲಕ್ಕೂ ಒಂದೇ ಅಲ್ಲ. ಅಕ್ರಿಲಿಕ್‌ಗೆ ಬೇರೆ, ಲೆನ್ಸಿನ ಫೋಕಸ್ ಬದಲಾದರೂ ಬೇರೆ. ಹಲಗೆಯ ದಪ್ಪವನ್ನೂ ಅಳೆಯಿರಿ, 3 ಮಿ.ಮೀ. ಅಂತ ಕೊಟ್ಟದ್ದು ನನ್ನಲ್ಲಿ 2.8 ಇತ್ತು.

ಪಿವಿಸಿ ಹಾಳೆಯಲ್ಲಿ ಪ್ರಯತ್ನಿಸಿ ಅಂದವರೇ, ದಯವಿಟ್ಟು ಅದನ್ನು ಯಾರಿಗೂ ಹೇಳಬೇಡಿ. ಲೇಸರ್ ತಾಗಿದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನ್ ಕೂಡ ತುಕ್ಕು ಹಿಡಿಯುತ್ತದೆ.