ಕೌದಿ, ಕವಂದಿ, ಬೊಂತೆ: ಮ್ಯೂಸಿಯಂ ಗೋಡೆಗೇರಿದ ಹೊದಿಕೆಗೆ ಯಾವ ಹೆಸರು?

ಬಲ್ಲವರ ಮುಂದೆ ಒಂದು ಸಂದೇಹ ಇಡುತ್ತಿದ್ದೇನೆ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹಳೆಬಟ್ಟೆ ಜೋಡಿಸಿ ಹೊಲಿದ ಹೊದಿಕೆಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಮ್ಯೂಸಿಯಂ, ಅದರ ಬೆನ್ನಿಗೇ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಇವುಗಳ ಪ್ರದರ್ಶನ ಏರ್ಪಡಿಸಿದವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಕನ್ನಡದಲ್ಲಿ ಇವನ್ನು ಏನೆಂದು ಕರೆಯಬೇಕು?

ನಾನು ‘ಕೌದಿ’ ಎಂದು ಬರೆದಿದ್ದೆ. ಕರಡು ಓದಿದ ಸ್ನೇಹಿತರೊಬ್ಬರು ಅದನ್ನು ಹೊಡೆದು ‘ತೇಪೆ ಕಲೆ’ ಎಂದು ತಿದ್ದಿದರು. ಕೌದಿ ಎಂದರೆ ಧಾರವಾಡದ ಅಜ್ಜಿಯ ಹಾಸಿಗೆ ನೆನಪಾಗುತ್ತದೆಯೇ ಹೊರತು ಕಲಾಕೃತಿಯಲ್ಲ ಎಂಬುದು ಅವರ ವಾದ. ನೆನಪಾದರೆ ನಷ್ಟವೇನು? ತೇಪೆ ಹಚ್ಚುವುದು ಎಂದರೆ ನಮ್ಮಲ್ಲಿ ಹುಳುಕು ಮುಚ್ಚುವುದು, ಮಳೆಗಾಲ ಮುಗಿದ ಮೇಲೆ ರಸ್ತೆಗೆ ಮಾಡುವ ಕೆಲಸ. ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವರು ದುಡಿಮೆಯಲ್ಲಿ ತೊಟ್ಟು ಸವೆಸಿದ ಬಟ್ಟೆಗಳನ್ನೇ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಕೂಡಿಸಿ ಹೊಲಿದರು. ಅವರ ನೆನಪನ್ನೇ ಹೊದ್ದು ಮಲಗಬೇಕೆಂದು. ಇದನ್ನು ತೇಪೆ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಬ್ಬರ ಸಲಹೆ ‘ಕವಂದಿ’. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಯ ಹೆಸರು ಅದು. ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ ಒಳಗೆ ಬಂದು, ನಡುವಿನಲ್ಲಿ ಹೊಲಿಗೆ ಮುಗಿಸುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಸಿದ ಮುಮ್ಮೂಲೆ ಚೂರುಗಳು ಬೀಳಬೇಕು. ಅವೇ ‘ಫೂಲ’, ಅಂದರೆ ಹೂವು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಆಫ್ರಿಕನ್ ಡಯಾಸ್ಪೊರಾ ಮ್ಯೂಸಿಯಂ ಇವನ್ನೂ ಪ್ರದರ್ಶಿಸಿತು. ಎರಡೂ ಕಡೆಯವರ ಪೂರ್ವಿಕರು ಆಫ್ರಿಕಾದವರು, ನಿಜ. ಅಷ್ಟಕ್ಕೇ ಸಿದ್ದಿಯರ ಪದವನ್ನು ಅಲಬಾಮಾಕ್ಕೆ ಹೊದಿಸುವುದು ನನಗೆ ಸರಿಕಾಣುವುದಿಲ್ಲ. ಕವಂದಿ ಸಿದ್ದಿಯರದಾಗಿಯೇ ಇರಲಿ.

‘ಬೊಂತೆ’ ಹಳೆಯ ಪದ, ಚಿಂದಿ ಕೂಡಿಸಿ ಹೊಲಿದ ಹೊದಿಕೆ ಎಂದರ್ಥ. ಬತ್ತಲೆ ಹೊರಟ ರಾಜಕುಮಾರಿಗೆ ಶಿವನೇ ಬೊಂತೆ ಕೊಟ್ಟನೆಂದೂ ಅದರಿಂದ ಬೊಂತಾದೇವಿ ಎಂಬ ಹೆಸರು ಬಂದಿತೆಂದೂ ಕಥೆಯಿದೆ. ಪದ ಚೆನ್ನಾಗಿದೆ. ಆದರೆ ಇಂದಿನ ಓದುಗರಿಗೆ ಅಡಿಟಿಪ್ಪಣಿ ಬೇಕಾದೀತು.

ಇದರ ಜೊತೆಗೇ ಬರುವ ತೊಡಕು, ಇಂಥ ಕಲಾವಿದರನ್ನು ಒಟ್ಟಾಗಿ ಏನೆನ್ನುವುದು ಎಂಬುದು. ‘ಅಂಚಿನ ಕಲಾವಿದರು’ ಎಂದರೆ ಅವರೇ ಹೋಗಿ ಅಂಚಿನಲ್ಲಿ ಕುಳಿತಂತೆ ಕೇಳಿಸುತ್ತದೆ. ‘ಕಡೆಗಣಿಸಲ್ಪಟ್ಟ’ ಉದ್ದವಾಯಿತು, ಆದರೂ ಕಡೆಗಣಿಸಿದವರು ಯಾರೋ ಇದ್ದಾರೆ ಎಂದಾದರೂ ಅದು ಹೇಳುತ್ತದೆ. ನಾನು ಸದ್ಯಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ.

ತಿಳಿದವರು ಹೇಳಿ: ಕೌದಿ, ಕವದಿ, ಕವಂದಿ ಮೂರಕ್ಕೂ ಮೂಲ ಒಂದೇಯೇ? ಬೊಂತೆ ಈಗಲೂ ಯಾವ ಸೀಮೆಯ ಮಾತಿನಲ್ಲಿದೆ? ಕೌದಿ ಹೊಲಿಯುವವರಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ.